ಬುಡ ತುದಿ

ಕೊಪ್ಪಳದ ಕಾರ್ಮಿಕ ಕಚೇರಿಯ ಗೇಟಿಗೆ ಹತ್ತಿದ ಬೇವಿನ ಮರ.
ಮರದ ಕೆಳಗೆ ನಾನು, ನನ್ನ ಮುರುಕು ಮೇಜು, ಟೈಪ್‌ರೈಟರು.
ಪುಟಕ್ಕೆ ಇಪ್ಪತ್ತೈದು. ಕಾರ್ಬನ್ ಇಟ್ಟರೆ ಮೇಲೆ ಐದು.
ಯಾರ ಕಡೆಯವನೂ ಅಲ್ಲ.
ಸಿಟ್ಟು ಅವರದು, ಅಕ್ಷರ ನನ್ನದು.

ಹುಲಿಗೆವ್ವ ಬಂದದ್ದು ಸೋಮವಾರ,
ಭಾಗ್ಯನಗರದಿಂದ ನಡೆದು, ರೈಲ್ವೆ ಗೇಟು ದಾಟಿ.
ಹತ್ತೊಂಬತ್ತು ವರ್ಷ ಕೂದಲು ಬಿಡಿಸಿದವಳು.
ಯಾವ ಯಾವುದೋ ಊರಿನ ಬಾಚಣಿಗೆಗೆ ಸಿಕ್ಕಿ ಉದುರಿದ್ದು,
ಗಂಟುಗಂಟಾಗಿ ಚೀಲದಲ್ಲಿ ಬಂದದ್ದು,
ಸೂಜಿಯಿಂದ ಎಳೆ ಎಳೆ ಬಿಡಿಸಿ
ಬುಡಕ್ಕೆ ಬುಡ, ತುದಿಗೆ ತುದಿ ಕೂಡಿಸಿ
ಕಟ್ಟು ಕಟ್ಟುವ ಕೆಲಸ. ಕಿಲೋ ಲೆಕ್ಕ.
ಕಣ್ಣು ಮಬ್ಬಾದವು. ‘ನಾಳಿಂದ ಬರಬ್ಯಾಡ’ ಅಂದರು.

‘ಏನಂತ ಹೊಡೀಲಿ ಬೇ?’
‘ನಾ ಅಲ್ಲಿ ಇದ್ದೆ ಅಂತ ಹೊಡೀರಿ.’

ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.
ಕಡೆಯ ಮೂರು ತಿಂಗಳ ಕೂಲಿ ಕೂಡಿಸಿ
ದಿನಕ್ಕೆಷ್ಟೆಂದು ಒಡೆದು, ಹದಿನೈದರಿಂದ ಗುಣಿಸಿ
ಮತ್ತೆ ಹತ್ತೊಂಬತ್ತರಿಂದ ಗುಣಿಸಿ
ಬಂದ ಮೊತ್ತ ಓದಿ ಹೇಳಿದೆ.
ಬೇರೆಯವರ ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಕೇಳಿದವಳಂತೆ
ಸೆರಗು ಸರಿ ಮಾಡಿಕೊಂಡಳು.
ಹತ್ತು ರೂಪಾಯಿ ಕಡಿಮೆ ಬಿತ್ತು; ಆಮೇಲೆ ಕೊಡು ಅಂದೆ.

ಮುಂದಿನ ವಾರ ಪಂಪಣ್ಣನ ಗುಮಾಸ್ತ.
ಸ್ಕೂಟರಿನಿಂದ ಇಳಿಯದೆ ತಕರಾರು ಹೇಳಿ ಹೊಡೆಸಿದ.
ಅದೇ ರಿಬ್ಬನ್ನು, ಅವೇ ಬೆರಳು:
‘ಸದರಿ ಅರ್ಜಿದಾರಳು ನಮ್ಮ ನೌಕರಳಲ್ಲ.
ಆಕೆ ಮಾಲು ತಂದು ಮಾರುತ್ತಿದ್ದಳು, ನಾವು ಕೊಳ್ಳುತ್ತಿದ್ದೆವು.
ಮೇಲಾಗಿ ನಮ್ಮ ಹಾಜರಿ ಪುಸ್ತಕದಲ್ಲಿರುವುದು ಒಂಬತ್ತೇ ಮಂದಿ.
ಹತ್ತು ಮಂದಿ ಇಲ್ಲದ ಕಡೆ ಸದರಿ ಕಾಯ್ದೆ ಅನ್ವಯಿಸದು.’

ಒಂಬತ್ತರ ಮೇಲೆ ಬೆರಳು ತಡೆಯಿತು.
ಆ ಶೆಡ್ಡಿನ ಚಾಪೆಗಳ ಮೇಲೆ ಕೂರುವವರು ಮೂವತ್ತು ಜನ.
ನನ್ನ ತಂಗಿಯೂ ಅಲ್ಲೇ,
ಎಂಟನೆಯವಳೋ ಹನ್ನೊಂದನೆಯವಳೋ ಯಾರು ಬಲ್ಲರು.
ಹೊಡೆದೆ.
ಎರಡು ಪುಟ, ಐವತ್ತು ರೂಪಾಯಿ.

ವಿಚಾರಣೆಯ ದಿನ ಕಿಟಕಿ ತೆರೆದಿತ್ತು.
‘ದಾಖಲೆ ಏನೈತಿ?’ ಸಾಹೇಬರ ದನಿ.
‘ಬಾಗಿಲ ಹಿಂದ, ಗ್ವಾಡಿ ಮ್ಯಾಲ
ಇದ್ದಲಿಲೆ ಗೀಟು ಹಾಕಿದ್ದೆರಿ, ಕಿಲೋಕ್ಕೊಂದು.
ಮಗಳ ಮದಿವಿಗೆ ಸುಣ್ಣ ಹಚ್ಚಿದ್ವಿ.’
ಗುಮಾಸ್ತ ನಕ್ಕ.
ಅವನ ಅಂಗಿ ತೋಳಿನ ಮೇಲೊಂದು ಎಳೆ ಇತ್ತು. ಕಿತ್ತುಕೊಂಡಳು,
ಎರಡು ಬೆರಳ ನಡುವೆ ಹಿಡಿದು ಎಳೆದಳು:
‘ಇದು ಬುಡ, ಇದು ತುದಿ.
ಬುಡದಿಂದ ಎಳದ್ರ ನುಣುಪು, ತುದಿಯಿಂದ ಎಳದ್ರ ಒರಟು.
ಕಣ್ಣು ಬ್ಯಾಡ ಇದಕ್ಕ.
ಮಾರಾಕ ಬಂದಾಕಿ ಇದನ್ಯಾಕ ಕಲೀತಾಳ್ರಿ?’

ಪರೀಕ್ಷಿಸಲೆಂದೋ ಏನೋ, ಸಾಹೇಬರ ಕೈ ತಮ್ಮ ತಲೆಗೆ ಹೋಯಿತು.
ಅಲ್ಲಿ ಏನೂ ಸಿಗಲಿಲ್ಲ.
ಹನ್ನೆರಡನೇ ತಾರೀಖಿಗೆ ಮುಂದೂಡಿದರು.

ಹೊರಗೆ ಬಂದು ಬಾಕಿ ಹತ್ತು ರೂಪಾಯಿ ಮೇಜಿಗಿಟ್ಟಳು.
ಹೋಗಲಿಲ್ಲ, ನಿಂತಳು.
‘ಚೀಟಿ ಕೊಡ್ರಿ.’

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಅರ್ಧ ಹಾಳೆ ಹರಿದು ಉರುಳೆಗೆ ಸಿಕ್ಕಿಸಿದೆ:
‘ಹುಲಿಗೆವ್ವ ಗಂಡ ದಿವಂಗತ ಯಮನೂರಪ್ಪ
ಇವರಿಂದ ರೂಪಾಯಿ ಹತ್ತು ಮುಟ್ಟಿದೆ.’
ಕೆಳಗೆ ಪಡೆದವನ ಹೆಸರು ಬೇಕು.
ಊರ ಜಗಳವನ್ನೆಲ್ಲ ಹೊಡೆದ ಯಂತ್ರದಲ್ಲಿ
ಮಾರ್ಕಂಡಪ್ಪ ಎಂದು ಹೊಡೆದದ್ದು ಅದೇ ಮೊದಲು.
ಅದರ ಪಕ್ಕ, ಯಾರ ನೌಕರ ಎಂಬಲ್ಲಿ,
ಒಂದು ಗೆರೆ ಎಳೆದು ಬಿಟ್ಟೆ.

ಓದಲು ಬಾರದವಳು ಹಾಳೆ ತಿರುವಿ
ಬೆನ್ನಿಗೆ ಎರಡು ಬೆರಳು ಎಳೆದಳು.
ಅಕ್ಷರ ಕಚ್ಚಿದ ಕಡೆ ಒರಟು.
‘ಐತಿ’ ಅಂದಳು,
ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡು
ರೈಲ್ವೆ ಗೇಟಿನ ಕಡೆ ನಡೆದಳು.