ಹನ್ನೊಂದನೆಯವನು

ಒಸ್ತ್ರಾವಾದ ಮಾಂಸದಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ
ಅವತ್ತು ನಾವಿದ್ದದ್ದು ಹನ್ನೊಂದೇ ಜನ,
ಪೋಸ್ಟರು ಅಂಟಿಸಿದವನನ್ನೂ ಸೇರಿಸಿದರೆ.
ಓತಾ ಬಿರಿದ ಹಾರ್ಮೋನಿಯಂ ಒತ್ತುತ್ತಿದ್ದ.
ವ್ಲಸ್ತಾ ಹಾಡಲಿಲ್ಲ; ಗಣಿಯ ಪಾಳಿಪಟ್ಟಿ ಓದಿದಳು,
ಹೆಸರು, ಹೆಸರು, ಆಮೇಲೆ ಉದ್ದನೆಯ ಮೌನ.
ಅದರ ನಟ್ಟನಡುವೆ ನಾನು ಕೆಮ್ಮಿಬಿಟ್ಟೆ.

ಅವಳು ನೋಡಿದ ನೋಟ
ಟ್ರ್ಯಾಮ್ ಓಡಿಸುವಾಗಲೂ ಬೆನ್ನಿಗಿರುತ್ತಿತ್ತು,
ಇಪ್ಪತ್ತೊಂದು ವರ್ಷ.
ಸತ್ತರೆಂದರು; ಜಗಳವೆಂದರು;
ಓತಾ ಬರ್ನೊದಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆಂದರು.
ಅದೊಂದು ನಿಜ.

ಈ ಮಂಗಳವಾರ ಟಪಾಲಿನಲ್ಲಿ ಕ್ಯಾಸೆಟ್ಟು.
ಹೊಸ ಆಲ್ಬಮ್. ನಲವತ್ತೇ ಪ್ರತಿ, ಪೆನ್ಸಿಲಿನಲ್ಲಿ ನಂಬರು.
ನನ್ನದು ಹನ್ನೊಂದು.
ಡೆಕ್ಕಿಗೆ ಬೆಲ್ಟು ಹುಡುಕುವುದರಲ್ಲೇ ಎರಡು ದಿನ ಹೋಯಿತು.

ವ್ಲಸ್ತಾಳ ದನಿ ತಗ್ಗಿದೆ, ಹಲ್ಲೊಂದು ಹೋಗಿರಬೇಕು.
ಪಾಳಿಪಟ್ಟಿಯಿಲ್ಲ ಈಗ, ಮುಚ್ಚಿದ ಗಣಿಗಳ ಹೆಸರಷ್ಟೇ.
ಮಗ್ಗುಲು ಬದಲಿಸಿದೆ. ಅದೇ ಮೌನ.
ಉಸಿರು ಬಿಗಿಹಿಡಿದು ಕೂತೆ, ಅಡುಗೆಮನೆಯಲ್ಲಿ, ಒಬ್ಬನೇ.

ಟೇಪಿನೊಳಗಿಂದ ಕೆಮ್ಮಿತು
ಮೂವತ್ತರ ಹರೆಯದ, ಇನ್ನೂ ಸಿಗರೇಟು ಬಿಡದ
ನನ್ನ ಗಂಟಲು.

ಕತ್ತರಿಸಿಲ್ಲ.
ಅದು ಮುಗಿಯುವವರೆಗೆ ಕಾದು, ಆಮೇಲೆ
ಓತಾ ಮುಂದಿನ ಸ್ವರ ಒತ್ತಿದ್ದಾನೆ.