ಪುಕ್ಕಟೆ ಭಾನುವಾರ

ತಿಂಗಳ ಮೊದಲ ಭಾನುವಾರ ಇಲ್ಲಿ ಟಿಕೆಟ್ಟಿಲ್ಲ.
ಲ್ಯಾಂಕಷೈರಿನ ಈ ಹಳೇ ಗಿರಣಿ, ಈಗಿನ ಮ್ಯೂಸಿಯಮ್ಮು,
ಹೆಬ್ಬಾಗಿಲು ತೆರೆದಿಟ್ಟು ಕರೆಯುತ್ತದೆ: ಬನ್ನಿ,
ಎರಡು ಗಂಟೆಗೆ ಮಗ್ಗ ಓಡಿಸುತ್ತೇವೆ,
ಮಕ್ಕಳಿಗೆ ರಟ್ಟಿನ ಚೂರಿನಲ್ಲಿ ನೇಯಲು ಕಲಿಸುತ್ತೇವೆ,
ಚಹಾ ಇದೆ, ಬಿಸ್ಕತ್ತು ತಲೆಗೊಂದು.

ನಾನು ಬಾಗಿಲ ಬಳಿ. ಅಂಗೈಯಲ್ಲಿ
ಎಣಿಕೆಯ ಪುಟ್ಟ ಯಂತ್ರ. ಒಬ್ಬರು ಬಂದರೆ ಒಂದು ಟಿಕ್.
ಕೌನ್ಸಿಲ್ಲಿಗೆ ಲೆಕ್ಕ ಒಪ್ಪಿಸಬೇಕು: ಎಷ್ಟು ತಲೆ,
ಯಾವ ವಯಸ್ಸು, ಯಾವ ಬೀದಿ,
ಬಂದದ್ದು ಮೊದಲ ಸಲವೇ, ಯಾಕೆ ಬಂದಿರಿ.
ಮಳೆ ಅಂತ ಬರೆದವರೇ ಹೆಚ್ಚು.

ಡೋರಿಸ್ ಎಂಟ್ವಿಸಲ್, ಎಂಬತ್ತಾರು,
ನೀಲಿ ಕೋಟಿನ ಗುಂಡಿ ಒಂದೊಂದೇ ಬಿಚ್ಚುತ್ತ
ಫಾರಮ್ಮು ಓದಿ ನಕ್ಕಳು:
"ಮೊದಲ ಸಲವಾ? ಇಪ್ಪತ್ತಾರು ವರ್ಷ ಬಂದಿದ್ದೀನಿ ಮಗೂ.
ಆಗ ಬಂದರೆ ಅವರೇ ದುಡ್ಡು ಕೊಡ್ತಿದ್ದರು,
ಈಗ ಪುಕ್ಕಟೆ ಅಂತ ಬೋರ್ಡು ಹಾಕಿದ್ದೀರಿ."

ಫಜಲ್ ದಾದ್ ಬಂದದ್ದು ಮೊಮ್ಮಗಳ ಕೈ ಹಿಡಿದು,
ಅಥವಾ ಅವಳೇ ಅವನ ಕೈ ಹಿಡಿದು.
ಶಾಲೆಯಲ್ಲಿ ಹಂಚಿದ ಹಳದಿ ಚೀಟಿ ಅವಳ ಜೇಬಲ್ಲಿ.
ಒಂದು ಟಿಕ್, ಇನ್ನೊಂದು ಟಿಕ್.
'ಯಾಕೆ ಬಂದಿರಿ' ಎಂಬಲ್ಲಿ ಅವನು ಏನೂ ಬರೆಯಲಿಲ್ಲ.
ಸೀದಾ ಶೆಡ್ಡಿನೊಳಗೆ ನಡೆದ,
ಅಡ್ಡ ಕಟ್ಟಿದ ಹಗ್ಗದಡಿ ನುಸುಳಿ
ಹದಿನೇಳನೆಯ ಮಗ್ಗದ ಕೆಳಗೆ ಕೈಹಾಕಿ
ಕತ್ತಲಲ್ಲಿ ಸ್ವಿಚ್ಚು ಹುಡುಕುವವನ ಹಾಗೆ ತಡವಿದ.

ಮುಟ್ಟಬೇಡಿ ಅನ್ನಬೇಕಿತ್ತು, ಅದು ನನ್ನ ಕೆಲಸ.
ಅಷ್ಟರಲ್ಲಿ ಡೋರಿಸ್: "ಮೊಳೆ ಹುಡುಕ್ತಿದ್ದೀರಾ?
ಇನ್ನೂ ಎಡಕ್ಕೆ. ಹೊಡೆದವಳು ನಾನು."

ಹಗಲು ಅವಳ ಪಾಳಿ, ರಾತ್ರಿ ಅವನದು.
ಒಂದೇ ಮಗ್ಗ, ಹನ್ನೊಂದು ವರ್ಷ.
ಅದೇ ಮೊಳೆಗೆ ಹಗಲು ಅವಳ ಚೀಲ,
ರಾತ್ರಿ ರೊಟ್ಟಿ ಕಟ್ಟಿದ ಅವನ ಬಟ್ಟೆಗಂಟು.
ಅವಳ ಕೈ ನಿಂತ ಎಳೆಯಿಂದಲೇ
ಅದೇ ಹಾಸಿಗೆ ಅವನ ಹೊಕ್ಕು;
ಯಾವ ಗಜ ಯಾರದೆಂದು ಕೊಂಡವರು ಕೇಳಲಿಲ್ಲ.

"ಬೆಳಿಗ್ಗೆ ಬಂದರೆ ಕಬ್ಬಿಣ ಬೆಚ್ಚಗಿರ್ತಿತ್ತು," ಎಂದಳು.
"ಚಳಿಗಾಲದಲ್ಲಿ ಎರಡೂ ಕೈ ಒತ್ತಿ ನಿಲ್ತಿದ್ದೆ.
ಯಾರ ಬಿಸಿ ಅಂತ ಯೋಚಿಸಲಿಲ್ಲ."
"ಗೇಟಿನಲ್ಲಿ ದಿನಾ ಎದುರಾಗ್ತಿದ್ವಿ," ಅವನೆಂದ.
"ಆಗ್ತಿದ್ವಿ." ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡಳು.
"ನಾವು ಆ ಕಡೆ ನೋಡ್ತಿರಲಿಲ್ಲ."

ಎರಡು ಗಂಟೆ. ಕಿವಿಗೆ ಹತ್ತಿ ಹಂಚಿದೆ.
ಮೆಕ್ಯಾನಿಕ್ ಹಿಡಿ ಎಳೆದ. ಓಡುವ ಸ್ಥಿತಿಯಲ್ಲಿರುವುದು ಆರೇ,
ಆಗ ಮುನ್ನೂರಿದ್ದವಂತೆ. ಆರಕ್ಕೇ ನೆಲ ನಡುಗಿತು.
ಲಾಳಿ ಅತ್ತಿಂದಿತ್ತ, ಕಂಡೂ ಕಾಣದ ಹಾಗೆ.
ಒಂದು ಕೂಸು ಅತ್ತಿತು, ಅಳು ಕೇಳಲಿಲ್ಲ,
ಬರೀ ತೆರೆದ ಬಾಯಿ.

ಆಗ ಶುರುವಾಯಿತು ಅವರಿಬ್ಬರ ಮಾತು.
ದನಿಯಿಲ್ಲ. ತುಟಿ ಅಗಲಿಸಿ, ಹುಬ್ಬು ಕುಣಿಸಿ,
ಒಂದೊಂದು ಪದವನ್ನೂ ಮುಖದ ಮೇಲೆ ಹರವಿ.
ಗಿರಣಿಯ ಹೆಂಗಸರು ಸದ್ದಿನ ನಡುವೆ ಕಟ್ಟಿಕೊಂಡ ಭಾಷೆ.
ಅವನೋ, ರಾತ್ರಿಯ ಮೇಸ್ತ್ರಿಯ ಬಾಯಿ ನೋಡಿ ನೋಡಿ
ಇಂಗ್ಲಿಷನ್ನು ಕಣ್ಣಿನಿಂದ ಕಲಿತನಂತೆ, ಬೈಗುಳ ಮೊದಲು;
ಆಮೇಲೊಂದು ದಿನ ದಿನಸಿ ಅಂಗಡಿಯಲ್ಲಿ
ಆ ಪದಗಳಿಗೆ ದನಿಯೂ ಇದೆಯೆಂದು ತಿಳಿದು ಬೆಚ್ಚಿದನಂತೆ.

ಡೋರಿಸ್ ಹೊಟ್ಟೆ ಹಿಡಿದು ನಕ್ಕಳು. ಅವನು ಬೆರಳು ಮಡಚಿ
ಯಾರನ್ನೋ ಎಣಿಸಿದ, ಒಂದು ಬೆರಳನ್ನು ಬಿಟ್ಟ.
ಆಮೇಲೆ ಅವಳು ನಗದೆ ಏನೋ ಹೇಳಿದಳು, ಚಿಕ್ಕದು,
ಎರಡೇ ಪದವಿದ್ದೀತು.
ಅವನು ಕೂಡಲೇ ಉತ್ತರಿಸಲಿಲ್ಲ. ಲಾಳಿಯನ್ನು ನೋಡುತ್ತ ನಿಂತ.

ಮೊಮ್ಮಗಳು ನನ್ನ ತೋಳು ಜಗ್ಗಿದಳು: ಏನಂತಾರೆ?
ಗೊತ್ತಿಲ್ಲ ಎಂದೆ. ಕೇಳಿಸಲಿಲ್ಲ.
ಮತ್ತೆ ಹೇಳಿದೆ, ತುಟಿ ದೊಡ್ಡದು ಮಾಡಿ.

ಮೂರಕ್ಕೆ ಮಗ್ಗ ನಿಂತವು. ಕಿವಿಯೊಳಗೆ ಜೀರುಂಡೆ.
ಜನ ಕೂಗಾಡುತ್ತ ಚಹಾಕ್ಕೆ ಸಾಲುಗಟ್ಟಿದರು.
ಅವರಿಬ್ಬರೂ ಇನ್ನೂ ಅಲ್ಲೇ, ಇನ್ನೂ ದನಿಯಿಲ್ಲದೆ.

ಸಂಜೆ ಯಂತ್ರದಲ್ಲಿ ಇನ್ನೂರ ಹದಿಮೂರು.
ಫಾರಮ್ಮುಗಳನ್ನು ಜೋಡಿಸುವಾಗ ಸಿಕ್ಕಿತು ಅವನ ಖಾಲಿ ಸಾಲು.
ಕೌನ್ಸಿಲ್ಲು ಖಾಲಿ ಒಪ್ಪುವುದಿಲ್ಲ.
ಮಳೆ ಎಂದು ಬರೆದುಬಿಡೋಣವೆಂದುಕೊಂಡೆ.
ಕೈ, ಮೊಳೆ ಎಂದು ಬರೆಯಿತು.