ಕೇಳಿದ್ದೇವೆ

ಇಪ್ಪತ್ತಾರು ವರ್ಷ ಅಂಚೆ ಹಂಚಿದವಳು ನಾನು.
ಸ್ಕೆಲ್ವಿಕ್ಕಿನ ನಾಯಿಗಳ ಹೆಸರೆಲ್ಲ ಬಾಯಿಪಾಠ.
ಕೌನ್ಸಿಲ್ಲಿನ ಪಟ್ಟಿಯಲ್ಲಿ ನಲವತ್ತೊಂದು ಮನೆ;
ನನ್ನ ಕಾಲಿನ ಲೆಕ್ಕದಲ್ಲಿ ನಲವತ್ತೇಳು.

ಮಿಕ್ಕ ಆರು, ದೋಣಿಗಳು.
ಕಾಲುವೆಯ ತಿರುವಿನಲ್ಲಿ ವಿಲೋ ಮರಕ್ಕೆ ಹಗ್ಗ ಬಿಗಿದು
ವರ್ಷವಿಡೀ ನಿಂತವು. ಬಾಗಿಲಿಗೆ ನಂಬರಿಲ್ಲ,
ಕಾಗದ ತೂರಿಸುವ ಸೀಳಿಲ್ಲ. ಏನಾದರೂ ಬಂದರೆ
ಛಾವಣಿಯ ಮೇಲಿನ ಕುಂಡದಡಿ ಇಡುತ್ತಿದ್ದೆ.
ಟಿಲ್ಡಾ ಗ್ರೀವ್ಸ್ ಒಳಗಿಂದ ಕೆಮ್ಮುತ್ತಿದ್ದಳು:
ಸಿಕ್ಕಿತು ಅಂತ ಅದರರ್ಥ.

ಹೊಸ ರಸ್ತೆಯ ಗೆರೆ ಸರಿಯಾಗಿ ಅಲ್ಲೇ ಹಾಯುತ್ತದೆ.

ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ಹಾಳೆ ಬಂದದ್ದು ಆಗಸ್ಟಿನಲ್ಲಿ,
ಅರ್ಧ ಊರು ಸಮುದ್ರತೀರಕ್ಕೆ ಹೋಗಿದ್ದಾಗ.
ನೀಲಿ ದಾರಿ, ಹಸಿರು ದಾರಿ, ಕಿತ್ತಳೆ ದಾರಿ.
ಯಾವುದೂ ಬೇಡ ಎನ್ನಲು ಚೌಕವೇ ಇರಲಿಲ್ಲ.
ನಕ್ಷೆಯ ಮಡಿಕೆ ಕಾಲುವೆಯ ಮೇಲೇ ಬಿದ್ದಿತ್ತು.
ದೋಣಿಗಳಿಗೆ ಹಾಳೆ ಬರಲೇ ಇಲ್ಲ.
ಬಂದಿದ್ದರೆ ಕುಂಡಕ್ಕೆ ಗೊತ್ತಿರುತ್ತಿತ್ತು.

ಇಷ್ಟನ್ನೇ ಬರೆದು ಸಹಿ ಹಾಕಿ ಲೀಡ್ಸಿನ ಕೋರ್ಟಿಗೆ ಕೊಟ್ಟೆ.
ರಸ್ತೆ ಒಳ್ಳೆಯದೋ ಕೆಟ್ಟದ್ದೋ ನಾನು ನೋಡುವುದಿಲ್ಲ,
ಎಂದರು ನ್ಯಾಯಾಧೀಶೆ, ಕನ್ನಡಕ ಒರೆಸುತ್ತ.
ಕೇಳಿದ ರೀತಿ ಸರಿಯೇ, ಅಷ್ಟೇ ನನಗೆ.
ಕೇಳಿದ್ದೇವೆ, ಎಂದ ಕೌನ್ಸಿಲ್ಲಿನ ವಕೀಲ.
ಎದುರಿಗೆ ಏಳು ಫೈಲು, ಅಂಚಿನಲ್ಲಿ ಬಣ್ಣದ ಚೀಟಿ.

ಕೇಳುವುದು ಬಾಯಿಯ ಕೆಲಸವೂ ಹೌದು, ಕಿವಿಯದೂ ಹೌದು.
ನೀವು ಹೇಳುತ್ತಿರುವುದು ಯಾವುದು ಸ್ವಾಮಿ?
ಕೇಳೋಣವೆನಿಸಿತು. ಹಿಂದಿನ ಬೆಂಚಿನವರು
ಕೇಳುವಂತಿಲ್ಲ; ಕೇಳಿಸಿಕೊಳ್ಳಬಹುದು.

ನಾಲ್ಕನೆಯ ಫೈಲಿನಲ್ಲಿ ಒಂದು ರಸೀತಿ,
ಜಲ್ಲಿಗೆ ಮುಂಗಡ, ಕಿತ್ತಳೆ ದಾರಿ ಬಾಬ್ತು.
ತಾರೀಖು ಜೂನ್ ಒಂಬತ್ತು.
ಉಂಡು ಕೈ ತೊಳೆದ ಮೇಲೆ
ಅಡುಗೆ ಏನು ಮಾಡಲಿ ಎಂದ ಹಾಗೆ.
ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು.

ಗೆದ್ದೆವು. ಗೆದ್ದದ್ದು ಇಷ್ಟು: ಮತ್ತೆ ಕೇಳಬೇಕು.
ಹನ್ನೆರಡು ವಾರ, ಅದೇ ಚರ್ಚ್ ಹಾಲ್, ಅದೇ ನೀರು ಚಹಾ.
ಈ ಸಲ ಹಾಳೆಯ ಬುಡದಲ್ಲಿ ನಾಲ್ಕನೆಯ ಚೌಕ,
ಕಿರುಬೆರಳ ಉಗುರಿನಷ್ಟು.
ಕೌನ್ಸಿಲ್ಲಿನ ಹುಡುಗನೊಬ್ಬ ಏಣಿ ತಂದು
ದೋಣಿಗಳಿಗೆ ಹಿತ್ತಾಳೆಯ ನಂಬರು ಹೊಡೆದು ಹೋದ.

ಟಿಲ್ಡಾ ನಲವತ್ತೆರಡು. ಖುಷಿಯೇನೂ ಕಾಣಲಿಲ್ಲ.
ಪ್ರಶ್ನೆ ಬರುವ ವಿಳಾಸಕ್ಕೇ
ಜಾಗ ಬಿಡು ಅನ್ನೋ ನೋಟೀಸೂ ಬರುತ್ತೆ ಕಣೇ, ಎಂದಳು,
ಆ ಪುಟ್ಟ ಚೌಕದೊಳಗೆ
ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತಿ.